ಮಲಗದ ಚೂರಿ

ಒಂದು ಊರು. ಹೆಸರು ಕೇಳಬೇಡಿ. ಹೇಳಿದರೆ ಆ ಊರಿನವರು ನಾಳೆ ಬೆಳಿಗ್ಗೆ ನನ್ನ ಮನೆ ಮುಂದೆ ನಿಂತು, ನಮ್ಮಲ್ಲಿ ಹೀಗೆ ನಡೆದೇ ಇಲ್ಲ ಅನ್ನುತ್ತಾರೆ. ಏಳು ಬೆಟ್ಟದ ಆಚೆ ಅಂದುಕೊಳ್ಳಿ. ಬೆಟ್ಟ ಏಳೇ ಇದ್ದವೋ ಇಲ್ಲವೋ, ನಾನು ಎಣಿಸಲು ಹೋಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಕೇಳಿ. ಈ ಕಥೆಯಲ್ಲಿ ಮಾತಾಡುವ ಹುಲಿ ಇಲ್ಲ. ವರ ಕೊಡುವ ದೇವರಿಲ್ಲ. ಕಣ್ಣೀರು ಮುತ್ತಾಗುವ ರಾಜಕುಮಾರಿ ಇಲ್ಲ. ಇರುವುದು ಒಂದು ಹೊಳೆ, ಒಂದು ಚೂರಿ, ಒಬ್ಬಳು ಹೆಂಗಸು. ಸಾಲದು ಅನ್ನಿಸಿದವರು ಈಗಲೇ ಎದ್ದು ಹೋಗಬಹುದು.

ಯಾರೂ ಏಳಲಿಲ್ಲ. ಸರಿ. ಎಚ್ಚರ ಇರುವವರು ಹೂಂಗುಟ್ಟಿ. ನಿದ್ದೆ ಮಾಡುವವರು ಗೊರಕೆ ಹೊಡೆಯಬೇಡಿ.

ಆ ಊರಿಗೆ ಒಂದು ಪದ್ಧತಿ ಇತ್ತು. ಆಯುಧಪೂಜೆಯ ದಿನ ಎಲ್ಲ ಊರಿನವರೂ ಆಯುಧಕ್ಕೆ ಅರಿಸಿನ ಕುಂಕುಮ ಇಡುತ್ತಾರೆ, ಹೂ ಮುಡಿಸುತ್ತಾರೆ, ಬೂದುಗುಂಬಳ ಒಡೆಯುತ್ತಾರೆ, ಆಮೇಲೆ ಊಟಕ್ಕೆ ಕೂರುತ್ತಾರೆ. ಈ ಊರಿನವರಿಗೆ ಅಷ್ಟು ಸಾಲದು. ವರ್ಷವೆಲ್ಲ ದುಡಿದ ಆಯುಧ ಅವತ್ತು ಮಲಗಬೇಕು ಅನ್ನುತ್ತಾರೆ. ಗುಡಿಯ ಹಿಂದೆ ಒಂದು ಕಲ್ಲಿನ ಕೋಣೆ. ಬೆಳಿಗ್ಗೆ ಪೂಜೆ ಮುಗಿಸಿ ಎಲ್ಲವನ್ನೂ ಅದರೊಳಗೆ ಮಲಗಿಸಿ ಬೀಗ ಹಾಕುತ್ತಾರೆ. ಮಾರನೆಯ ದಿನ ಬನ್ನಿ ಹಂಚಿದ ಮೇಲೆಯೇ ಬಾಗಿಲು ತೆರೆಯುವುದು.

ಎಲ್ಲ ಅಂದರೆ ಎಲ್ಲ. ನೇಗಿಲ ಗುಳ ಹೋಯಿತು. ಮಚ್ಚು, ಕೊಡಲಿ, ಕುಡುಗೋಲು ಹೋದವು. ಬಡಗಿಯ ಬಾಚಿ, ಉಳಿ, ಗರಗಸ ಹೋದವು. ಅಡುಗೆಮನೆಯ ಈಳಿಗೆಮಣೆ ಕೂಡ ಹೋಯಿತು. ಆ ಊರಿನ ಹೆಂಗಸರು ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುತ್ತಾರೆ. ಕೊನೆಗೆ ಅಂಬಿಗ ನೀರು ತಳ್ಳುವ ಹುಟ್ಟೂ ಹೋಯಿತು. ಅಂಬಿಗನಿಗೆ ಅದೇ ತಾನೆ ಆಯುಧ?

ಮಲಗಿದ ಆಯುಧವನ್ನು ಯಾರಾದರೂ ಎಬ್ಬಿಸಿದರೆ ಅದು ಅವರನ್ನು ಆ ವರ್ಷ ಕಚ್ಚುತ್ತದಂತೆ. ಕಚ್ಚಿದ್ದನ್ನು ಕಂಡವರು ಯಾರು? ಯಾರೂ ಇಲ್ಲ. ಎಬ್ಬಿಸಿದವರೇ ಇಲ್ಲವಲ್ಲ.

ಆ ಊರಿನ ಅಂಬಿಗ ಬೋರ. ಹರಿಗೋಲು ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದ. ಅವನ ಹೆಂಡತಿ ಬೊಮ್ಮಿ. ತವರು ಬೆಟ್ಟದ ಮೇಲಿನ ಒಂದು ಹಟ್ಟಿ. ಅವಳಪ್ಪ ಕಾಡಿನಲ್ಲಿ ಕೂತು ಮರದ ಸೌಟು ಕೆತ್ತಿ ಮಾರುತ್ತಿದ್ದ. ಅವನ ಹತ್ತಿರ ಬಾಚಿ ಇರಲಿಲ್ಲ, ಉಳಿ ಇರಲಿಲ್ಲ, ಬೆನ್ನು ದಪ್ಪಗಿದ್ದ ಒಂದು ಚೂರಿ ಇತ್ತು. ಮಿಕ್ಕಿದ್ದನ್ನು ಕಾಡಿನಲ್ಲೇ ಹುಟ್ಟಿಸಿಕೊಳ್ಳುತ್ತಿದ್ದ. ಬೊಮ್ಮಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಬರಿ ನೋಡುತ್ತಿದ್ದಳು, ಮಾಡಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮದುವೆಯಾದಾಗ ಅಪ್ಪ ಆ ಚೂರಿಯನ್ನೇ ಮಗಳ ಕೈಗೆ ಕೊಟ್ಟು ಕಳಿಸಿದ. ಅವತ್ತಿನಿಂದ ಬೋರನ ತಂಗಿ ಜವನಿಗೆ ಬಾಯಿಗೊಂದು ಕೆಲಸ ಸಿಕ್ಕಿತು.

"ಬೇರೆ ಮನೆ ಸೊಸೇರು ಕೊಳದಪ್ಪಲೆ ತರ್ತಾರೆ, ಕಡಾಯಿ ತರ್ತಾರೆ. ನಮ್ಮತ್ತಿಗೆ ಚೂರಿ ತಂದಳು. ಅಣ್ಣಾ, ರಾತ್ರಿ ಹುಷಾರು!"

"ನಿನ್ನ ನಾಲಿಗೆಗೆ ಅಂತ ತಂದೆ ಕಣೇ," ಅನ್ನುತ್ತಿದ್ದಳು ಬೊಮ್ಮಿ.

ಅತ್ತೆ ಮಲ್ಲಾಜಮ್ಮ ಇಬ್ಬರಿಗೂ ಬಯ್ಯುತ್ತಿದ್ದಳು. ಮನೆ ಚೆನ್ನಾಗಿಯೇ ಇತ್ತು.

ಈಗ ಕೇಳಿ. ಆಯುಧಪೂಜೆಯ ಬೆಳಿಗ್ಗೆ ಬೊಮ್ಮಿ ಬಾಗಿಲಿಗೆ ಕಟ್ಟಲು ಹಿತ್ತಲಿನ ಬಾಳೆಕಂದು ಕಡಿದಳು. ಕಡಿದ ಚೂರಿಯನ್ನು ಬಾಳೆಯ ಬುಡಕ್ಕೇ ಚುಚ್ಚಿ, ಕಂದನ್ನು ಹೊತ್ತು ಒಳಗೆ ಬಂದಳು. ಮರೆತಳು. ಮನೆಯ ಕುಡುಗೋಲು ಹೋಯಿತು, ಈಳಿಗೆ ಹೋಯಿತು, ಹುಟ್ಟು ಹೋಯಿತು. ಚೂರಿ ಹಿತ್ತಲಲ್ಲೇ ಉಳಿಯಿತು.

ಪೂಜಾರಿ ಕೋಣೆಗೆ ಬೀಗ ಹಾಕಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಬೆಟ್ಟದ ಆಚೆಯ ಇನ್ನೊಂದು ಊರಿಗೂ ಅವನೇ ಪೂಜಾರಿ. ನಾಳೆ ಬರುತ್ತೇನೆ ಅಂತ ಹೊರಟುಹೋದ.

ಅವನು ಹೋದ ಮೇಲೆ ಊರ ಯಜಮಾನ ಮಂಚೇಗೌಡರಿಗೆ ನೆನಪಾಯಿತು. ನಾಳೆಗೆ ಬನ್ನಿ ಸೊಪ್ಪು ತಂದಿಲ್ಲ. ಬನ್ನಿಮರ ಇರುವುದು ಹೊಳೆ ನಡುವಿನ ದಿಬ್ಬದ ಮೇಲೆ.

"ಜವನೀ, ಓಡಿಹೋಗಿ ಒಂದು ಮಡಿಲು ಬನ್ನಿ ಮುರ್ಕೊಂಡು ಬಾರವ್ವ. ನೀರು ಮಂಡಿಯುದ್ದ ಅಷ್ಟೇ."

ನೀರು ಮಂಡಿಯುದ್ದವೇ ಇತ್ತು. ಜವನಿ ಸೀರೆ ಎತ್ತಿ ಕಟ್ಟಿ ದಾಟಿದಳು. ಅವಳ ಆಡು ಹಿಂದೆಯೇ ಹೋಯಿತು. ಇಲ್ಲಿ ಬಿಸಿಲು ಸುಡುತ್ತಿತ್ತು. ಆದರೆ ಹೊಳೆ ಹುಟ್ಟುವ ಕಡೆ ಬೆಟ್ಟದ ತಲೆ ಕಪ್ಪಗಿತ್ತು. ಅದನ್ನು ಯಾರು ನೋಡಬೇಕಿತ್ತು? ಅಂಬಿಗ. ಅಂಬಿಗ ಏನು ಮಾಡುತ್ತಿದ್ದ? ಹಬ್ಬದೂಟ ಮಾಡುತ್ತಿದ್ದ.

ಊಟ ಮುಗಿಸಿ ಕೈ ತೊಳೆಯಲು ಎದ್ದಾಗ ಹೊಳೆಯ ಸದ್ದು ಬದಲಾಗಿತ್ತು. ನೀರು ಕೆಂಪಗಾಗಿತ್ತು. ದಾಟುವ ಜಾಗದಲ್ಲಿ ಆಳು ಮುಳುಗುವಷ್ಟು ನೀರು. ದಿಬ್ಬದ ಮೇಲೆ ಜವನಿ, ಆಡು, ಬನ್ನಿಮರ.

ಊರೆಲ್ಲ ದಡಕ್ಕೆ ಬಂತು. ನಾವು ನೀವು ಇದ್ದರೂ ಹೋಗುತ್ತಿದ್ದೆವು. ನೋಡಲು ಹೋಗುವುದಕ್ಕೆ ಆಯುಧ ಬೇಡ.

"ಹುಟ್ಟು ತನ್ನಿ!" ಅಂದ ಬೋರ.

ಹುಟ್ಟು ಎಲ್ಲಿದೆ? ಕೋಣೆಯೊಳಗೆ. ಬೀಗದ ಕೈ ಎಲ್ಲಿದೆ? ಪೂಜಾರಿಯ ಸೊಂಟದಲ್ಲಿ. ಪೂಜಾರಿ ಎಲ್ಲಿ? ಬೆಟ್ಟದ ಆಚೆ. ಒಬ್ಬನನ್ನು ಓಡಿಸಿದರೂ ಅವನು ಹೋಗಿ ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ.

"ಬಾಗಿಲು ಒಡೀರಿ!" ಅಂದ ಬೋರ.

ಒಡೆಯಲು ಕೊಡಲಿ ಬೇಕು. ಕೊಡಲಿ ಎಲ್ಲಿದೆ? ಒಳಗೆ. ಬಾಗಿಲು ತೇಗದ್ದು, ಅದಕ್ಕೆ ಕಬ್ಬಿಣದ ಪಟ್ಟಿ, ಸುತ್ತ ಕಲ್ಲು. ಕಳ್ಳ ಬರಬಾರದು ಅಂತ ಅಜ್ಜಂದಿರು ಬಲು ಜಾಣತನದಿಂದ ಕಟ್ಟಿಸಿದ್ದರು. ಆದರೂ ಬೋರ ಹೋಗಿ ಭುಜ ಕೊಟ್ಟು ಗುದ್ದಿದ. ಬಾಗಿಲು ಅಲುಗಲಿಲ್ಲ, ಭುಜ ಊದಿತು. ನಿಜ ಹೇಳಬೇಕೆಂದರೆ, ಬಾಗಿಲು ಒಡೆಯಲು ಆಗುವುದಿಲ್ಲ ಅಂತ ಗೊತ್ತಾದಾಗ ಕೆಲವರಿಗೆ ಸಮಾಧಾನವೇ ಆಯಿತು.

ಬೋರ ಒಂದು ಬಿದಿರ ಗಳುವಿಗೆ ಮೊರ ಕಟ್ಟಿದ. ಅದನ್ನೇ ಹುಟ್ಟು ಮಾಡಿಕೊಂಡು ಹರಿಗೋಲು ಇಳಿಸಿದ. ಮೊದಲ ಸಲ ಹಾಕಿದಾಗ ಮೊರ ಬಾಗಿತು. ಎರಡನೆಯ ಸಲ ಹರಿಯಿತು. ಮೂರನೆಯ ಸಲ ಗಳು ಮಾತ್ರ ಕೈಯಲ್ಲಿತ್ತು. ಹರಿಗೋಲು ಬುಗುರಿಯಂತೆ ಸುತ್ತುತ್ತಾ ಹೋಗಿ ಕೆಳಗಿನ ತಿರುವಿನಲ್ಲಿ ಪೊದೆಗೆ ಸಿಕ್ಕಿಕೊಂಡಿತು. ಗಳುವಿಗೆ ನೆಲವೂ ಸಿಗಲಿಲ್ಲ. ಜನ ಹಗ್ಗ ಎಸೆದು ಎಳೆದುಕೊಂಡರು.

"ಹೊಸ ಮೊರ ಕಣೋ," ಅಂದಳು ಮಲ್ಲಾಜಮ್ಮ. ಹೇಳಿ ಅಳತೊಡಗಿದಳು. ಅಳು ಮೊರಕ್ಕಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

"ಈಜ್ಕೊಂಡು ಹೋಗ್ತೀನಿ," ಅಂದ ಬೋರ.

"ಹೋಗ್ತೀರಿ. ಅವಳನ್ನ ಹೊತ್ಕೊಂಡು ಬರಕ್ಕಾಗತ್ತಾ?" ಅಂದಳು ಬೊಮ್ಮಿ. ಅವನು ದಡದ ಕೆಸರಲ್ಲೇ ಕೂತ.

ಬೊಮ್ಮಿ ಕೂರಲಿಲ್ಲ. ಅವಳ ಕಣ್ಣು ದಡದ ಮೇಲಿತ್ತು. ಹಿಂದಿನ ದಿನದ ಗಾಳಿಗೆ ಒಂದು ಹೆಬ್ಬೇವಿನ ಕೊಂಬೆ ಮುರಿದು ಬಿದ್ದಿತ್ತು. ತೊಡೆ ದಪ್ಪ, ನೆಟ್ಟಗೆ, ಗಂಟಿಲ್ಲದ ಹಸಿ ಮರ. ಅದರೊಳಗೆ ಒಂದು ಹುಟ್ಟು ಮಲಗಿತ್ತು. ಅದಕ್ಕೆ ಯಾರೂ ಬೀಗ ಹಾಕಿರಲಿಲ್ಲ.

ಅವಳು ಮನೆಗೆ ಓಡಿದಳು. ಹಿತ್ತಲಿಗೆ ಹೋದಳು. ಬಾಳೆಯ ಬುಡದಿಂದ ಚೂರಿ ಕಿತ್ತಳು.

ಚೂರಿ ಹಿಡಿದು ಬಂದವಳನ್ನು ಕಂಡು ದಡದಲ್ಲಿದ್ದವರು ಹಿಂದೆ ಸರಿದರು.

"ಅದೇನವ್ವ ಅದು?" ಅಂದರು ಮಂಚೇಗೌಡರು. "ಎಬ್ಬಿಸಿಬಿಟ್ಟೆಯಾ?"

"ಎಬ್ಬಿಸೋಕೆ ಮಲಗಿಸಿದ್ದೋರು ಯಾರು ಯಜಮಾನ್ರೇ? ಅರಿಸಿನ ಇಟ್ಟಿದೆಯಾ ನೋಡಿ. ಕುಂಕುಮ ಇಟ್ಟಿದೆಯಾ ನೋಡಿ. ಹೂ ಮುಡಿಸಿದೆಯಾ ನೋಡಿ."

ಗೌಡರು ನೋಡಿದರು. ಬಾಳೆಯ ಅಂಟು ಬಿಟ್ಟರೆ ಇನ್ನೇನೂ ಇರಲಿಲ್ಲ. ಅವರು ಕೆಟ್ಟ ಮನುಷ್ಯ ಅಲ್ಲ. ಹುಡುಗಿಯನ್ನು ದಿಬ್ಬಕ್ಕೆ ಕಳಿಸಿದ್ದು ತಾವೇ ಅಂತ ಅವರಿಗೆ ಮರೆತಿರಲಿಲ್ಲ. ಆದರೆ ಯಜಮಾನಿಕೆ ಅಂದಮೇಲೆ ಒಂದು ದಾರಿ ಬೇಕು, ಸುಮ್ಮನೆ ಹೂಂ ಅನ್ನಲಾಗುವುದಿಲ್ಲ.

"ಪೂಜೆ ಆಗಿಲ್ಲ ಅಂದಮೇಲೆ ಮಲಗಿಲ್ಲ," ಅಂದರು ಕೊನೆಗೆ. "ಮಲಗಿಲ್ಲ ಅಂದಮೇಲೆ ಎಬ್ಬಿಸೋ ಮಾತೇ ಇಲ್ಲ."

ನೋಡಿ, ದಾರಿ ಬೇಕಾದಾಗ ಎಷ್ಟು ಬೇಗ ಸಿಗುತ್ತದೆ.

ಊರ ಬಡಗಿ ಕಾಳಾಚಾರಿ ಎದೆ ಮೇಲೆ ಕೈಕಟ್ಟಿ ನಿಂತಿದ್ದ. "ಚೂರಿಯಲ್ಲಿ ಹುಟ್ಟು ಮಾಡ್ತೀಯೇನವ್ವ? ಗರಗಸ ಇಲ್ಲದೆ ಹೇಗೆ ಕೊಯ್ತೀಯ? ಕೊಡತಿ ಇಲ್ಲದೆ ಹೇಗೆ ಹೊಡೀತೀಯ? ಬಾಚಿ ಇಲ್ಲದೆ ಹೇಗೆ ಕೆತ್ತೀಯ?"

"ನೀವೇ ಬಂದು ಮಾಡಿಕೊಡಿ ಆಚಾರ್ರೇ."

"ನನ್ನ ಕೈ ಇವತ್ತು ಮಲಗಿದೆ."

"ಬಾಯಿ?"

ಬಾಯಿ ಎಚ್ಚರವಾಗಿಯೇ ಇತ್ತು.

ಬೊಮ್ಮಿ ಮೊದಲು ಒಂದು ಸಣ್ಣ ಕೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆತ್ತಲು ಹೊರಟಳು. ಚೂರಿ ಜಾರಿತು. ಸೀರೆ ಹರಿಯಿತು, ತೊಡೆಯಲ್ಲಿ ರಕ್ತ ಬಂತು. ಅತ್ತೆ ಕಿರುಚಿದಳು. ನೋಡಿ ಕಲಿತದ್ದು ಹೀಗೇ. ಕಣ್ಣಿಗೆ ಗೊತ್ತಿರುತ್ತದೆ, ಕೈಗೆ ಯಾರೂ ಹೇಳಿರುವುದಿಲ್ಲ.

ಅವಳಪ್ಪ ಎಲ್ಲಿಟ್ಟು ಕೆತ್ತುತ್ತಿದ್ದ? ಆಗ ನೆನಪಾಯಿತು. ಕೊರಡಿನ ಮೇಲೆ. ತೊಡೆಯ ಮೇಲೆ ಎಂದೂ ಅಲ್ಲ.

ದಡದಲ್ಲಿ ಒಂದು ಹಳೆಯ ಹುಣಿಸೆ ಕೊರಡು ಬಿದ್ದಿತ್ತು. ಊರ ಹಿರಿಯರು ಸಂಜೆ ಕೂತು ಮಳೆ, ಬೆಳೆ, ಪಕ್ಕದೂರಿನವರ ಸೊಸೆಯಂದಿರ ವಿಚಾರ ಮಾತಾಡುವ ಕೊರಡು. ಆಗಲೂ ಅದರ ಮೇಲೆ ಗೌಡರು ಕೂತಿದ್ದರು.

"ಯಜಮಾನ್ರೇ, ಏಳಿ. ಇದು ಆಯುಧವೋ?"

"ಇದಾ? ಇದು ಕೊರಡು ಕಣವ್ವ. ಕೂರೋಕೆ."

"ಆಯುಧ ಅಲ್ಲ ತಾನೆ?"

"ಅಲ್ಲ."

ಗೌಡರು ಎದ್ದರು. ಕೆಳಗಿಟ್ಟು ಕೆತ್ತಲು ಕೊರಡು ಸಿಕ್ಕಿತು.

ಹೊಳೆಯ ನಡುವಿನಿಂದ ಜವನಿಯ ದನಿ ಬಂತು. ದಿಬ್ಬದ ಕೆಳಗಿನ ಬಂಡೆ ಮುಳುಗಿತ್ತು. ಅವಳು ಮೇಲಿನ ಬಂಡೆಯ ಮೇಲೆ ನಿಂತಿದ್ದಳು.

"ಅತ್ತಿಗೇ! ಹುಟ್ಟು ಮಾಡ್ತಿದ್ದೀಯೋ, ಸೌಟು ಮಾಡ್ತಿದ್ದೀಯೋ?"

"ನಿನ್ನ ಬಾಯಿಗೆ ಮುಚ್ಚಳ ಮಾಡ್ತಿದ್ದೀನಿ!" ಅಂತ ಕೂಗಿದಳು ಬೊಮ್ಮಿ. ದಡದಲ್ಲಿ ಒಂದಿಬ್ಬರು ನಕ್ಕರು.

ಈಗ ದೊಡ್ಡ ಕೊಂಬೆಯನ್ನು ಬೇಕಾದ ಉದ್ದಕ್ಕೆ ತುಂಡು ಮಾಡಬೇಕು. ಬೊಮ್ಮಿ ಚೂರಿಯನ್ನು ಅಡ್ಡ ಇಟ್ಟು ಬೆನ್ನಿಗೆ ಕಲ್ಲಿನಲ್ಲಿ ಹೊಡೆದಳು. ಟಣ್ ಅಂತು. ಬೆನ್ನಿನಿಂದ ಒಂದು ಚೂರು ಕಬ್ಬಿಣ ಹಾರಿತು. ಅವಳು ಕಲ್ಲು ಎಸೆದಳು. ಇರುವುದೊಂದೇ ಚೂರಿ. ಅದು ಮುರಿದರೆ ಊರಲ್ಲಿ ಎಚ್ಚರವಾಗಿರುವ ಕಬ್ಬಿಣವೇ ಇಲ್ಲ.

"ಕಲ್ಲಲ್ಲಿ ಹೊಡೀತಾಳೆ! ಕಬ್ಬಿಣಕ್ಕೆ ಕಲ್ಲಲ್ಲಿ ಹೊಡೀತಾಳೆ!" ಅಂದ ಕಾಳಾಚಾರಿ, ತನಗೇ ಪೆಟ್ಟು ಬಿದ್ದಂತೆ.

ಅವಳಪ್ಪ ಯಾತರಲ್ಲಿ ಹೊಡೆಯುತ್ತಿದ್ದ? ಮರದಲ್ಲಿ. ಬೊಮ್ಮಿ ದಡದಲ್ಲಿದ್ದ ಹುಣಿಸೆಮರದ ಕೆಳಗೆ ಬಿದ್ದಿದ್ದ ಒಣಕೊಂಬೆ ಎತ್ತಿಕೊಂಡಳು, ಮುಂಗೈ ದಪ್ಪದ್ದು. ಕೊರಡಿನ ಮೇಲೆ ಇಟ್ಟು ಒಂದು ತುದಿಯನ್ನು ಕೈಗೆ ಹಿಡಿಯುವಷ್ಟು ಸಣ್ಣಗೆ ಕೆತ್ತಿದಳು. ಇನ್ನೊಂದು ತುದಿಯನ್ನು ದಪ್ಪಗೇ ಬಿಟ್ಟಳು.

"ಯಜಮಾನ್ರೇ, ಇದು ಆಯುಧವೋ?"

"ಇದು ಸೌದೆ."

"ಆಯುಧ ಅಲ್ಲ ತಾನೆ?"

"ಸೌದೆ ಆಯುಧ ಹೇಗಾಗತ್ತೆ? ಒಲೆಗೆ ಹಾಕೋದು."

ಕೊಡತಿ ಸಿಕ್ಕಿತು.

ಚೂರಿಯನ್ನು ಇಟ್ಟಳು, ಸೌದೆಯಲ್ಲಿ ಹೊಡೆದಳು. ಈ ಸಲ ಟಣ್ ಅನ್ನಲಿಲ್ಲ, ತಪ್ ಅಂತು. ಅಲಗು ಮರದೊಳಗೆ ಇಳಿಯಿತು. ಓರೆಯಾಗಿ ಒಂದು ಪೆಟ್ಟು, ಎದುರಿನಿಂದ ಒಂದು ಪೆಟ್ಟು, ಚಕ್ಕೆ ಹಾರಿತು. ಹೀಗೆ ಕೊಂಬೆಯ ಸುತ್ತ ಒಂದು ಕಚ್ಚು ತೆಗೆದಳು. ನಡುವೆ ಇನ್ನೂ ದಪ್ಪ ಉಳಿದಿತ್ತು.

"ನಾಳೆ ಸಂಜೆಗೆ ಮುಗಿಯತ್ತೆ," ಅಂದ ಕಾಳಾಚಾರಿ. "ಅದಕ್ಕೇ ಗರಗಸ ಅಂತ ಒಂದಿದೆ ಲೋಕದಲ್ಲಿ."

ಆ ಹುಣಿಸೆಮರ ಬುಡದಲ್ಲೇ ಎರಡಾಗಿ ಕವಲೊಡೆದಿತ್ತು. ಬೊಮ್ಮಿ ಕೊಂಬೆಯ ತುದಿಯನ್ನು ಆ ಕವಲಿನ ನಡುವೆ ತೂರಿಸಿದಳು. ಕಚ್ಚು ಸರಿಯಾಗಿ ಕವಲಿನ ಅಂಚಿಗೆ ಬಂತು.

"ಬನ್ನಿ, ತಳ್ಳಿ."

ಜನ ಗೌಡರ ಮುಖ ನೋಡಿದರು. ತಳ್ಳುವುದು ಕೆಲಸವೋ?

"ತಳ್ಳೋದಕ್ಕೆ ಎಂಥಾ ಶಾಸ್ತ್ರ? ತಳ್ರೋ!" ಅಂದರು ಗೌಡರು. ತಾವೇ ಮುಂದೆ ಹೋದರು. ಬೋರ ತಳ್ಳಿದ, ಗೌಡರು ತಳ್ಳಿದರು, ಮಿಕ್ಕವರೂ ಬಂದರು. ಫಟ್! ಕೊಂಬೆ ಕಚ್ಚಿನ ಜಾಗದಲ್ಲೇ ಮುರಿಯಿತು. ತಳ್ಳಿದವರು ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲರಿಗಿಂತ ಕೆಳಗೆ ಗೌಡರಿದ್ದರು.

ಕಾಳಾಚಾರಿ ಕಟ್ಟಿದ್ದ ಕೈ ಬಿಟ್ಟ. ಮುರಿದ ತುದಿಯನ್ನು ಬಗ್ಗಿ ನೋಡಿದ. ಏನೂ ಅನ್ನಲಿಲ್ಲ. ಬಡಗಿ ಏನೂ ಅನ್ನದೆ ಇದ್ದರೆ ಅದು ಹೊಗಳಿಕೆ.

"ಅತ್ತಿಗೇ!" ಜವನಿ ಮತ್ತೆ ಕೂಗಿದಳು. ಈಗ ಮೇಲಿನ ಬಂಡೆಯ ಮೇಲೂ ನೀರು ಆಡುತ್ತಿತ್ತು. ಆಡನ್ನು ಬನ್ನಿಮರದ ಕವಲಿಗೆ ಎತ್ತಿ ಕೂರಿಸಿದ್ದಳು. "ಆಡು ಕೇಳ್ತಿದೆ, ಇವತ್ತು ಬರ್ತೀಯಾ, ಮುಂದಿನ ಹಬ್ಬಕ್ಕೆ ಬರ್ತೀಯಾ?"

"ಆಡಿಗೆ ಹೇಳು, ನಿನಗಿಂತ ಅದಕ್ಕೇ ಮರ್ಯಾದೆ ಜಾಸ್ತಿ ಅಂತ!"

ಈ ಸಲ ಯಾರೂ ನಗಲಿಲ್ಲ. ಜವನಿಯ ದನಿ ತೆಳ್ಳಗಾಗಿತ್ತು.

ಇನ್ನು ಸೀಳಬೇಕು. ಬೊಮ್ಮಿ ತುಂಡನ್ನು ಕೊರಡಿಗೆ ಆನಿಸಿ ನಿಲ್ಲಿಸಿದಳು. ಬೋರ ಹಿಡಿದುಕೊಂಡ. ಅವಳು ತುಂಡಿನ ತಲೆಯ ಮೇಲೆ ಚೂರಿ ಇಟ್ಟು ಸೌದೆಯಲ್ಲಿ ಹೊಡೆದಳು. ಕೂದಲೆಳೆಯಂಥ ಬಿರುಕು ಬಿಟ್ಟಿತು. ಚೂರಿ ಗೇಣುದ್ದ, ಮರ ಆಳೆತ್ತರ. ಬಿರುಕು ಕೆಳಗೆ ಓಡಬೇಕಾದರೆ ಬೆಣೆ ಬೇಕು. ಅವಳು ಅದೇ ಹೆಬ್ಬೇವಿನ ಚೂರೊಂದನ್ನು ಬೆಣೆ ಮಾಡಿ ಬಿರುಕಿಗೆ ಹೊಡೆದಳು. ಬೆಣೆ ರಾಗಿಮುದ್ದೆಯಂತೆ ಚಪ್ಪಟೆಯಾಯಿತು.

"ಮೆದು ಮರ," ಅಂದ ಕಾಳಾಚಾರಿ, ತಡೆಯಲಾರದೆ. "ಮೆದುವಿಗೆ ಮೆದು ಬೆಣೆ ಹಾಕ್ತಾರೇನವ್ವ? ಜಾಲಿ ತಗೋ. ಒಣಗಿದ್ದು. ತಲೆಯ ಅಂಚು ಸವರು, ಇಲ್ಲದಿದ್ರೆ ಒಡೆಯತ್ತೆ."

"ಕೈ ಮಲಗಿದೆ ಅಂದ್ರಿ?"

"ಇದು ಬಾಯಿ ತಾನೆ?"

ದಡದ ಬೇಲಿಯಲ್ಲಿ ಜಾಲಿಗೂಟಗಳಿದ್ದವು. ಬೊಮ್ಮಿ ಎರಡನ್ನು ಕಿತ್ತು ತುದಿ ಚಪ್ಪಟೆಯಾಗಿ ಕೆತ್ತಿದಳು, ತಲೆಯ ಅಂಚು ಸವರಿದಳು.

"ಯಜಮಾನ್ರೇ, ಇದು ಆಯುಧವೋ?"

ಗೌಡರು ಇನ್ನೂ ಪಂಚೆಯ ಮಣ್ಣು ಕೊಡವಿಕೊಳ್ಳುತ್ತಿದ್ದರು. "ಅದು ಗೂಟ ಕಣಮ್ಮ, ಗೂಟ! ಕುರಿ ಕಟ್ಟೋದು! ಇನ್ನು ನನ್ನ ಕೇಳಬೇಡ, ಹೊಡಿ!"

ಹೊಡೆದಳು. ಒಂದು ಬೆಣೆ ಇಳಿಯಿತು, ಬಿರುಕು ಬಾಯಿಬಿಟ್ಟಿತು. ಅದರ ಕೆಳಗೆ ಇನ್ನೊಂದು ಬೆಣೆ ಇಳಿಯಿತು. ಮೇಲಿನದು ಸಡಿಲವಾಯಿತು. ಅದನ್ನು ಕಿತ್ತು ಇನ್ನೂ ಕೆಳಗೆ ಹೊಡೆದಳು. ಚಿರ್ರ್ ಅಂತ ಮರದೊಳಗಿಂದ ಸದ್ದು ಬಂತು. ಹೆಬ್ಬೇವು ಎಳೆಯ ಜಾಡು ಹಿಡಿದು ಉದ್ದಕ್ಕೆ ಸೀಳಿ ಎರಡಾಗಿ ಬಿತ್ತು. ಒಳಗೆ ಮರ ಒದ್ದೆಯಾಗಿ, ತೆಳುಗೆಂಪಾಗಿ ಇತ್ತು. ಒಂದು ಹೋಳನ್ನು ಮತ್ತೆ ಹಾಗೇ ಸೀಳಿದಳು. ಅಂಗೈಗಿಂತ ಅಗಲದ ಒಂದು ಹಲಗೆ ಬಂತು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇರಲಿ.

ಈಗ ಹಿಡಿಕೆ. ಕೆಳಗೆ ಅಗಲ ಬಿಟ್ಟು ಮೇಲೆ ಸಣ್ಣಗೆ ಮಾಡಬೇಕು. ಬೊಮ್ಮಿಗೆ ಅವಸರ. ಮೇಲಿನಿಂದ ಚೂರಿ ಇಟ್ಟು ಸೀಳಲು ಸೌದೆ ಎತ್ತಿದಳು.

"ನಿಲ್ಲಿಸೇ!" ಕಾಳಾಚಾರಿ ಕೂಗಿದ ಕೂಗಿಗೆ ಹಕ್ಕಿಗಳು ಹಾರಿದವು. "ಹಾಗೆ ಸೀಳಿದ್ರೆ ಬುಡದವರೆಗೂ ಓಡತ್ತೆ. ಹುಟ್ಟಿಗೆ ಅಗಲವೇ ಉಳಿಯಲ್ಲ. ಮೊದಲು ಅಡ್ಡ ಕಚ್ಚು ಹಾಕು. ಅಗಲ ಎಲ್ಲಿ ಶುರುವಾಗ್ಬೇಕೋ ಅಲ್ಲಿ. ಸೀಳು ಅಲ್ಲಿಗೆ ಬಂದು ನಿಲ್ಲತ್ತೆ."

ಅವಳು ಅಡ್ಡ ಕಚ್ಚು ಹಾಕಲು ಹೋದಳು. ಹಲಗೆ ಕೊರಡಿನ ಮೇಲೆ ಕುಣಿಯಿತು. ಬೋರ ಹಿಡಿದರೂ ಜಾರಿತು. ಅವನ ಭುಜ ಇನ್ನೂ ಊದಿತ್ತು. ಮಲ್ಲಾಜಮ್ಮ ಕಣ್ಣೊರೆಸಿಕೊಂಡು ಬಡಗಿಯ ಕಡೆ ತಿರುಗಿದಳು.

"ಏನಯ್ಯ ಆಚಾರಿ. ಕೈ ಮಲಗಿದೆ, ಒಪ್ಪಿದೆ. ಕುಂಡಿ ಮಲಗಿದೆಯಾ?"

"ಏನಮ್ಮ ಮಾತು ಇದು?"

"ಕೂತ್ಕೊ ಅದರ ಮೇಲೆ!"

ಕಾಳಾಚಾರಿ ಕೂತ. ತೂಕದ ಮನುಷ್ಯ. ಹಲಗೆ ಅಲುಗಾಡದೆ ನಿಂತಿತು. ಅದಕ್ಕಿಂತ ಒಳ್ಳೆಯ ಇಕ್ಕಳ ಆ ಊರಲ್ಲಿ ಆ ದಿನ ಇರಲಿಲ್ಲ. ಬೇರೆ ದಿನ ಇತ್ತೋ ಇಲ್ಲವೋ ಗೊತ್ತಿಲ್ಲ.

ಬೊಮ್ಮಿ ಒಂದು ಮಗ್ಗುಲಲ್ಲಿ ಅಡ್ಡ ಕಚ್ಚು ಹಾಕಿದಳು, ಮೇಲಿನಿಂದ ಸೀಳಿದಳು. ಸೀಳು ಓಡಿ ಬಂದು ಕಚ್ಚಿನಲ್ಲಿ ನಿಂತಿತು, ಪಟ್ಟಿ ಕಳಚಿ ಬಿತ್ತು. ಇನ್ನೊಂದು ಮಗ್ಗುಲಿಗೂ ಹಾಗೇ ಮಾಡಿದಳು. ಕೆತ್ತಿದಳು. ಕೈ ಬೊಬ್ಬೆಯಾಯಿತು, ಅತ್ತೆ ಸೆರಗು ಹರಿದು ಸುತ್ತಿದಳು. ಮತ್ತೆ ಕೆತ್ತಿದಳು.

ಆಗ ಅವಳಿಗೆ ಒಂದು ವಿಷಯ ಹೊಳೆಯಿತು. ಬಹಳ ಹೊತ್ತಿನಿಂದ ಜವನಿ ಅಣಕಿಸಿಲ್ಲ.

ತಲೆ ಎತ್ತಿದಳು. ದಿಬ್ಬವೇ ಇರಲಿಲ್ಲ. ಕೆಂಪು ನೀರು, ನೀರಿನ ನಡುವೆ ಬನ್ನಿಮರ. ಕವಲಿನಲ್ಲಿ ಆಡು. ಅದರ ಪಕ್ಕ ಕೊಂಬೆಯನ್ನು ತಬ್ಬಿಕೊಂಡು ಜವನಿ, ಕಾಲು ನೀರಿನಲ್ಲಿ.

"ಜವನೀ!" ಕೂಗಿದಳು ಬೊಮ್ಮಿ. "ಏನಾದ್ರೂ ಅನ್ನೇ!"

ಉತ್ತರ ಬರಲಿಲ್ಲ. ಇಷ್ಟು ಹೊತ್ತೂ ಬೊಮ್ಮಿಗೆ ಹೆದರಲು ಪುರುಸೊತ್ತಿರಲಿಲ್ಲ. ಈಗ ಹೆದರಿದಳು.

"ಸಾಕು, ಕೊಡು," ಅಂದ ಬೋರ.

"ಇನ್ನೂ ಸಿಬಿರಿದೆ. ಅಂಚು ಸವರಿಲ್ಲ."

"ಸಿಬಿರು ನನ್ನ ಕೈಗೆ ತಾನೆ? ಕೊಡು!"

ಬೋರ ಹರಿಗೋಲನ್ನು ದಡದುದ್ದಕ್ಕೂ ಮೇಲಕ್ಕೆ ಎಳೆಸಿಕೊಂಡು ಹೋದ. ಅಲ್ಲಿಂದ ಹೊಳೆಗೆ ಇಳಿಸಿದ. ಮೊದಲ ಸಲ ಹುಟ್ಟು ಹಾಕಿದ. ಬಾಗಲಿಲ್ಲ. ಎರಡನೆಯ ಸಲ ಹಾಕಿದ. ಬಿರುಕು ಬಿಡಲಿಲ್ಲ. ಮೂರನೆಯ ಸಲ ಹಾಕಿದ. ಹರಿಗೋಲು ತಿರುಗುವುದನ್ನು ನಿಲ್ಲಿಸಿ ಹೇಳಿದ ಮಾತು ಕೇಳಿತು. ಒಂದು ಕಡೆ ದಪ್ಪಗಿದ್ದುದರಿಂದ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ಬೋರನೂ ಸ್ವಲ್ಪ ಬಲಕ್ಕೆ ಬಯ್ಯುತ್ತಾ ಹೋದ. ನೀರು ಅವನನ್ನು ಕೆಳಕ್ಕೆ ನೂಕಿತು, ಅವನು ಅಡ್ಡಕ್ಕೆ ಹಾಕಿದ. ಹರಿಗೋಲು ಓರೆಯಾಗಿ ಹೋಗಿ ಬನ್ನಿಮರಕ್ಕೆ ಬಡಿದು ನಿಂತಿತು.

ಜವನಿ ಮೊದಲು ಆಡನ್ನು ಇಳಿಸಿದಳು. ಆಮೇಲೆ ತಾನು ಇಳಿದಳು. ದಡದ ಮೇಲೆ ಯಾರೂ ಉಸಿರಾಡಲಿಲ್ಲ ಅಂತ ಹೇಳುವುದು ವಾಡಿಕೆ. ಉಸಿರಾಡುತ್ತಲೇ ಇದ್ದರು. ಆದರೆ ಮಾತಾಡಲಿಲ್ಲ. ಆ ಊರಿಗೆ ಅದೇ ದೊಡ್ಡದು.

ಕೆಳಗಿನ ತಿರುವಿನಲ್ಲಿ ಹರಿಗೋಲು ದಡ ಮುಟ್ಟಿತು. ಎಲ್ಲರೂ ಓಡಿದರು. ಜವನಿ ಇಳಿದಳು. ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಮಡಿಲಲ್ಲಿ ಇನ್ನೂ ಬನ್ನಿ ಸೊಪ್ಪು ಇತ್ತು. ಬೊಮ್ಮಿಯ ಎದುರು ನಿಂತು, ಅಣ್ಣನ ಕೈಯಲ್ಲಿದ್ದ ಹುಟ್ಟನ್ನು ನೋಡಿದಳು.

"ಅತ್ತಿಗೆ," ಅಂದಳು, "ಹುಟ್ಟು ಸೊಟ್ಟಗಿದೆ."

ಅಂದವಳೇ ಅತ್ತಿಗೆಯ ಕೊರಳು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಬೊಮ್ಮಿಯೂ ಅತ್ತಳು. ಮಲ್ಲಾಜಮ್ಮ ಇಬ್ಬರಿಗೂ ಬಯ್ದಳು. ಆಡು ಆ ಬನ್ನಿ ಸೊಪ್ಪಿಗೆ ಬಾಯಿ ಹಾಕಿತು.

ಮಾರನೆಯ ದಿನ ಪೂಜಾರಿ ಬಂದ. ಆಡು ತಿಂದು ಉಳಿದಿದ್ದ ಬನ್ನಿಯನ್ನು ಹಂಚಿ ಬಾಗಿಲು ತೆರೆದ. ಆಯುಧಗಳು ಎದ್ದವು. ನಿನ್ನೆ ಹುಟ್ಟು ಕೆತ್ತಿದರಂತಲ್ಲ, ಯಾರು ಆಯುಧ ಮುಟ್ಟಿದ್ದು ಅಂತ ಪೂಜಾರಿ ಕೇಳಿದ.

"ಯಾರೂ ಮುಟ್ಟಿಲ್ಲ," ಅಂದರು ಮಂಚೇಗೌಡರು. "ಒಂದು ಕೊರಡಿತ್ತು, ಒಂದು ಸೌದೆಯಿತ್ತು, ಎರಡು ಗೂಟ ಇದ್ದವು."

"ಮತ್ತೆ ನಾನಿದ್ದೆ," ಅಂದ ಕಾಳಾಚಾರಿ.

"ಹೌದು. ಆಚಾರಿಯ ಕುಂಡಿ ಇತ್ತು."

ಪೂಜಾರಿ ಶಾಸ್ತ್ರ ನೆನೆದು ನೋಡಿದ. ಕುಂಡಿಯ ವಿಚಾರ ಎಲ್ಲೂ ಬಂದಿರಲಿಲ್ಲ.

ಆ ವರ್ಷ ಯಾರನ್ನಾದರೂ ಕಬ್ಬಿಣ ಕಚ್ಚಿತೋ? ಕಚ್ಚಿತು. ಕಾಳಾಚಾರಿಯ ಹೆಬ್ಬೆರಳಿಗೆ ಉಳಿ ತಾಗಿತು. ಅದು ಪ್ರತಿ ವರ್ಷವೂ ತಾಗುತ್ತಿತ್ತು.

ಕಥೆ ಮುಗಿಯಿತು ಅಂದುಕೊಂಡಿರಾ? ಇನ್ನೊಂದು ಚೂರು ಇದೆ.

ಒಂದು ವರ್ಷ ಕಳೆಯಿತು. ಮತ್ತೆ ಆಯುಧಪೂಜೆ. ಊರಿನವರು ಸೇರಿ ಮಾತಾಡಿಕೊಂಡರು. ಹುಡುಗಿಯ ಜೀವ ಉಳಿಸಿದ ಆ ಕೊಡತಿ, ಆ ಬೆಣೆ, ಸಾಮಾನ್ಯದ್ದಲ್ಲ. ಅದಕ್ಕೆ ಅರಿಸಿನ ಕುಂಕುಮ ಇಡಬೇಕು, ಹೂ ಮುಡಿಸಬೇಕು, ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ ಮಲಗಿಸಬೇಕು. ಊರಿನವರಿಗೆ ಬುದ್ಧಿ ಬಂದಿತ್ತು ಅಂತ ನೀವು ಅಂದುಕೊಂಡಿದ್ದರೆ ತಪ್ಪು ನನ್ನದಲ್ಲ.

ಗೌಡರು ತಾವೇ ತಟ್ಟೆ ಹಿಡಿದು ಬೊಮ್ಮಿಯ ಬಾಗಿಲಿಗೆ ಬಂದರು.

"ಆ ಕೊಡತಿ ಕೊಡವ್ವ. ಪೂಜೆಗೆ ಬೇಕು."

"ಯಾವ ಕೊಡತಿ ಯಜಮಾನ್ರೇ?"

"ಅದೇ, ಹುಣಿಸೆದು."

"ಅದಾ? ನೀವೇ ಸೌದೆ ಅಂದ್ರಲ್ಲ, ಒಲೆಗೆ ಹಾಕೋದು ಅಂತ. ಅವತ್ತು ಸಂಜೆಯೇ ಹಾಕಿದೆ. ಜವನಿಗೆ ಬಿಸಿನೀರು ಕಾಯಿಸ್ಬೇಕಿತ್ತು. ಜಾಲಿಗೂಟವೂ ಚೆನ್ನಾಗಿ ಉರೀತು."

ಗೌಡರು ಒಲೆಯ ಕಡೆ ಇಣುಕಿದರು. "ಸುಟ್ಟುಬಿಟ್ಟೆಯಾ! ಇನ್ನೊಂದ್ಸಲ ಬೇಕಾದ್ರೆ?"

"ಮರ ಅಲ್ಲೇ ಇದೆಯಲ್ಲ," ಅಂದಳು ಬೊಮ್ಮಿ.

ಗೌಡರು ಹೊಳೆಯ ಕಡೆ ನೋಡಿದರು. ಹುಣಿಸೆಮರ ಅಲ್ಲೇ ಇತ್ತು. ಹೆಬ್ಬೇವು ಅಲ್ಲೇ ಇತ್ತು. ಬೇಲಿಯಲ್ಲಿ ಜಾಲಿ ಬೇಕಾದಷ್ಟಿತ್ತು. ಇಷ್ಟು ವರ್ಷ ಆ ಮರಗಳ ನೆರಳಲ್ಲೇ ಕೂತಿದ್ದ ಮನುಷ್ಯ, ಅವುಗಳನ್ನು ಅವತ್ತು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆಮೇಲೆ ತಟ್ಟೆ ಹಿಡಿದು ಬಂದ ದಾರಿಯಲ್ಲೇ ಹೋದರು.

ಕಲ್ಲಿನ ಕೋಣೆಗೆ ಬೀಗ ಹಾಕುವ ಮೊದಲು ಪೂಜಾರಿ ಎಂದಿನಂತೆ ಕೇಳಿದ, "ಎಲ್ಲ ಬಂತಾ?"

"ಎಲ್ಲ ಬಂತು," ಅಂದರು ಗೌಡರು.

ಬಂದಿರಲಿಲ್ಲ. ಬೊಮ್ಮಿಯ ಹಿತ್ತಲಿನ ಬಾಳೆಯ ಬುಡದಲ್ಲಿ ಒಂದು ಚೂರಿ ಚುಚ್ಚಿಕೊಂಡಿತ್ತು. ಪಕ್ಕದ ಗೋಡೆಗೆ ಒಂದು ಸೊಟ್ಟ ಹುಟ್ಟು ಒರಗಿತ್ತು. ಗೌಡರು ಆ ದಾರಿಯಲ್ಲೇ ಬಂದಿದ್ದರು. ಬರುವಾಗ ಮುಖವನ್ನು ಹೊಳೆಯ ಕಡೆ ತಿರುಗಿಸಿಕೊಂಡಿದ್ದರು.

ಅವತ್ತಿನಿಂದ ಆ ಊರಲ್ಲಿ ಇದೂ ಒಂದು ಪದ್ಧತಿ. ಹಬ್ಬದ ದಿನ ಎಲ್ಲ ಆಯುಧವೂ ಮಲಗುತ್ತದೆ, ಒಂದು ಚೂರಿ ಎಚ್ಚರ ಇರುತ್ತದೆ. ಯಜಮಾನರಾದವರು ಆ ಹಿತ್ತಲಿನ ಮುಂದೆ ಹಾದುಹೋಗುವಾಗ ಹೊಳೆಯ ಕಡೆ ನೋಡಬೇಕು. ಹೊಳೆಯ ಕಡೆ ನೋಡುವುದರಿಂದ ಇನ್ನೊಂದು ಉಪಕಾರವೂ ಆಯಿತು. ನೀರು ಕೆಂಪಗಾದರೆ ಈಗ ಬೇಗ ಗೊತ್ತಾಗುತ್ತದೆ.

ಕೊಡತಿ ಒಲೆ ಸೇರಿತು, ಜವನಿ ದಡ ಸೇರಿದಳು, ಕಥೆ ನಿಮ್ಮ ಕಿವಿ ಸೇರಿತು. ಏಳಿ, ನೀವು ಮನೆ ಸೇರಿ. ನೀವು ಕೂತಿರುವ ಆ ಕೊರಡು ನನಗೆ ಬೇಕು.